ನೊಗದುದ್ದದ ದಾರಿ

ಕನ್ನಡದಲ್ಲಿ ‘ನಡೆ’ ಎಂಬ ಒಂದೇ ಪದ ಎರಡು ಅರ್ಥಗಳನ್ನು ಹೊತ್ತಿದೆ. ಕಾಲಿನಿಂದ ದಾರಿ ಸವೆಸುವುದೂ ನಡೆಯೇ, ಬಾಳಿನಲ್ಲಿ ಒಬ್ಬ ಮನುಷ್ಯನು ವರ್ತಿಸುವ ಬಗೆಯೂ ನಡೆಯೇ. ನಡತೆ, ನಡವಳಿಕೆ, ನಡೆನುಡಿ ಮುಂತಾದ ಮಾತುಗಳೆಲ್ಲ ಈ ಒಂದೇ ಬೇರಿನಿಂದ ಚಿಗುರಿದವು. ಸಂಸ್ಕೃತದ ‘ಚರ್’ ಧಾತುವಿನ ಕಥೆಯೂ ಹೀಗೆಯೇ. ಸಂಚಾರವೂ ಅದರಿಂದಲೇ, ಆಚಾರವೂ ಅದರಿಂದಲೇ, ವಿಚಾರ ಮತ್ತು ಚಾರಿತ್ರ್ಯಗಳೂ ಅದರಿಂದಲೇ. ತರಗತಿಯಲ್ಲಿ ಧಾತುಗಳ ಪಾಠ ಮಾಡುವಾಗ ಈ ಪದಗಳನ್ನು ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ‘ಇವಕ್ಕೆಲ್ಲ ಕಾಲು ಇವೆಯಲ್ಲ, ಏಕೆ?’ ಎಂದು ಮಕ್ಕಳನ್ನು ಕೇಳುತ್ತಿದ್ದೆ. ಅವರು ನಗುತ್ತಿದ್ದರು. ಆದರೆ ಪ್ರಶ್ನೆ ನಗೆಯದಲ್ಲ.

ಇನ್ನೊಂದು ಪದವನ್ನೂ ಇಲ್ಲಿ ನೆನೆಯಬೇಕು. ‘ನಿಧಾನ’ ಎಂದರೆ ಇಂದಿನ ಬಳಕೆಯಲ್ಲಿ ಮೆಲ್ಲನೆ, ತಡವಾಗಿ ಎಂದು ಅರ್ಥ. ಸಂಸ್ಕೃತದಲ್ಲೂ ಹಳೆಯ ಕನ್ನಡದಲ್ಲೂ ‘ನಿಧಾನ’ವೆಂದರೆ ನಿಧಿ, ನೆಲದೊಳಗೆ ಹುದುಗಿಸಿಟ್ಟ ಸಂಪತ್ತು. ಈ ಎರಡು ಅರ್ಥಗಳು ಒಂದೇ ಪದದಲ್ಲಿ ಹೇಗೆ ನೆಲೆಸಿದವು ಎಂಬುದನ್ನು ಭಾಷಾಶಾಸ್ತ್ರಜ್ಞರ ವಿಚಾರಕ್ಕೆ ಬಿಡೋಣ. ನಿಧಾನವಾಗಿ ನಡೆಯುವುದನ್ನು ನಮ್ಮ ಹಿರಿಯರು ಒಂದು ಸಂಪತ್ತೆಂದೇ ಬಗೆದು, ಅದಕ್ಕೆ ನಿಯಮಗಳನ್ನು ಕಟ್ಟಿ ಕಾಪಾಡಿದ ಚರಿತ್ರೆಯೊಂದು ಈ ನೆಲದಲ್ಲಿದೆ. ಆ ಚರಿತ್ರೆಯ ಕೆಲವು ಘಟ್ಟಗಳನ್ನು ಓದುಗರೊಡನೆ ಹಂಚಿಕೊಳ್ಳಬೇಕೆಂಬುದು ಈ ಬರಹದ ಆಶಯ.

ದೇವಾಲಯದ ಪ್ರದಕ್ಷಿಣೆಯನ್ನು ನಾವೆಲ್ಲ ಮಾಡಿದ್ದೇವೆ. ಅದರ ವೇಗ ಎಷ್ಟಿರಬೇಕೆಂದು ಹೇಳುವ ಹಳೆಯ ಸಂಸ್ಕೃತ ಶ್ಲೋಕವೊಂದಿದೆ. ದಿನ ತುಂಬಿದ ಗರ್ಭಿಣಿಯೊಬ್ಬಳು ಎಣ್ಣೆ ತುಂಬಿದ ಕೊಡವನ್ನು ಹೊತ್ತು ಹೇಗೆ ನಡೆದಾಳೋ ಹಾಗೆ ಪ್ರದಕ್ಷಿಣೆ ಮಾಡಬೇಕು ಎಂಬುದು ಅದರ ತಾತ್ಪರ್ಯ. ಈ ಹೋಲಿಕೆಯನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಆ ಹೆಣ್ಣುಮಗಳು ಮೆಲ್ಲನೆ ನಡೆಯುವುದು ಸೋಮಾರಿತನದಿಂದಲ್ಲ, ಆಯಾಸದಿಂದ ಮಾತ್ರವೂ ಅಲ್ಲ. ಅವಳ ಒಡಲಲ್ಲಿ ಒಂದು ಜೀವವಿದೆ, ತಲೆಯ ಮೇಲೆ ಚೆಲ್ಲಬಾರದ ವಸ್ತುವಿದೆ. ತನ್ನದಲ್ಲದ ಇನ್ನೊಂದರ ಹೊಣೆ ಹೊತ್ತವರ ನಡಿಗೆ ತಾನಾಗಿಯೇ ಮೆಲ್ಲಗಾಗುತ್ತದೆ. ನಿಧಾನ ನಡಿಗೆಯ ಆಧ್ಯಾತ್ಮವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಉಪಮೆಯನ್ನು ನಾನು ಕಂಡಿಲ್ಲ.

ಭಾರತದಲ್ಲಿ ನಡಿಗೆಯನ್ನೇ ಬಾಳುವೆಯನ್ನಾಗಿ ಮಾಡಿಕೊಂಡವರು ಶ್ರಮಣರು. ಗೌತಮ ಬುದ್ಧನು ಜ್ಞಾನೋದಯದ ಬಳಿಕ ನಾಲ್ಕು ದಶಕಗಳಿಗೂ ಮಿಕ್ಕಿ ಗಂಗೆಯ ಬಯಲಿನಲ್ಲಿ ಕಾಲ್ನಡಿಗೆಯಲ್ಲೇ ಸಂಚರಿಸಿದನು. ಎಂಬತ್ತರ ವಯಸ್ಸಿನಲ್ಲಿ ರಾಜಗೃಹದಿಂದ ಹೊರಟು, ನಾಲಂದ, ಪಾಟಲಿಗ್ರಾಮ, ವೈಶಾಲಿಗಳನ್ನು ಹಾದು ಕುಶಿನಗರವನ್ನು ಸೇರಿದ ಕೊನೆಯ ಪಯಣದ ವೃತ್ತಾಂತ ‘ಮಹಾಪರಿನಿಬ್ಬಾಣ ಸುತ್ತ’ದಲ್ಲಿದೆ. ತನ್ನ ಮುದಿ ದೇಹವನ್ನು ಆತ ಅಲ್ಲಿ ಪಟ್ಟಿಗಳಿಂದ ಬಿಗಿದು ಹೇಗೋ ಸಾಗಿಸುತ್ತಿರುವ ಹಳೆಯ ಬಂಡಿಗೆ ಹೋಲಿಸಿಕೊಳ್ಳುತ್ತಾನೆ. ಆದರೂ ನಡಿಗೆ ನಿಲ್ಲಲಿಲ್ಲ. ದಾರಿಯುದ್ದಕ್ಕೂ ಊರೂರಿನಲ್ಲಿ ತಂಗುತ್ತ, ಕೇಳಿದವರಿಗೆ ಉತ್ತರಿಸುತ್ತ ಆತ ಸಾಗಿದನು.

ಊರಿಂದೂರಿಗೆ ಹೋಗುವ ಈ ಸಂಚಾರವಲ್ಲದೆ ಬೌದ್ಧರಲ್ಲಿ ಇನ್ನೊಂದು ನಡಿಗೆಯೂ ಇದೆ. ಪಾಲಿ ಭಾಷೆಯಲ್ಲಿ ಅದನ್ನು ‘ಚಂಕಮ’ ಎನ್ನುತ್ತಾರೆ. ಒಂದು ಚಿಕ್ಕ ಹಾದಿಯಲ್ಲಿ ಈ ತುದಿಯಿಂದ ಆ ತುದಿಗೆ, ಮತ್ತೆ ಹಿಂದಕ್ಕೆ, ಹೆಜ್ಜೆಯ ಮೇಲೆಯೇ ಗಮನವಿಟ್ಟು ಅಡ್ಡಾಡುವುದು. ಎಲ್ಲಿಗೂ ತಲುಪಬೇಕಾದ ನಡಿಗೆಯಲ್ಲ ಅದು. ಬುದ್ಧಗಯೆಯ ಮಹಾಬೋಧಿ ದೇಗುಲದ ಬದಿಯಲ್ಲಿ ಬುದ್ಧನು ಹೀಗೆ ಅಡ್ಡಾಡಿದನೆಂದು ನಂಬಲಾದ ಜಾಗದಲ್ಲಿ ಕಟ್ಟಿದ ಜಗಲಿಯನ್ನೂ ಹೆಜ್ಜೆಗಳ ನೆನಪಿಗೆ ಕೆತ್ತಿದ ತಾವರೆಗಳನ್ನೂ ಯಾತ್ರಿಕರು ಇಂದಿಗೂ ಕಾಣಬಹುದು. ‘ಅಂಗುತ್ತರ ನಿಕಾಯ’ವು ಈ ಅಭ್ಯಾಸದಿಂದ ಐದು ಲಾಭಗಳನ್ನು ಹೇಳುತ್ತದೆ. ದೂರ ಪಯಣಕ್ಕೆ ಕಸುವು, ಸಾಧನೆಗೆ ಕಸುವು, ಆರೋಗ್ಯ, ಉಂಡದ್ದು ಜೀರ್ಣವಾಗುವುದು, ಮತ್ತು ನಡೆಯುತ್ತ ಪಡೆದ ಏಕಾಗ್ರತೆ ಬಹುಕಾಲ ಉಳಿಯುವುದು. ಜೀರ್ಣಶಕ್ತಿಯನ್ನೂ ಸಮಾಧಿಯನ್ನೂ ಒಂದೇ ಪಟ್ಟಿಯಲ್ಲಿ ಸಂಕೋಚವಿಲ್ಲದೆ ಇಟ್ಟಿರುವ ಆ ಸರಳತೆ ನನಗೆ ಬಹಳ ಪ್ರಿಯವಾದದ್ದು.

ನಡಿಗೆಯ ವೇಗವನ್ನು ಅತ್ಯಂತ ಸೂಕ್ಷ್ಮವಾಗಿ ಚಿಂತಿಸಿದವರು ಜೈನರು. ಮುನಿಗಳು ಪಾಲಿಸಬೇಕಾದ ಐದು ಸಮಿತಿಗಳಲ್ಲಿ, ಅಂದರೆ ಎಚ್ಚರಗಳಲ್ಲಿ, ಮೊದಲನೆಯದೇ ‘ಈರ್ಯಾ ಸಮಿತಿ’. ಹಗಲು ಬೆಳಕಿನಲ್ಲಿ, ಜನರೂ ದನಕರುಗಳೂ ನಡೆದು ಹದವಾದ ಹಾದಿಯಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು, ಹುಳುಹುಪ್ಪಟೆಗೆ ನೋವಾಗದಂತೆ ಹೆಜ್ಜೆಯಿಡಬೇಕು. ಈ ನಾಲ್ಕು ಮೊಳದ ಅಳತೆಗೆ ಶಾಸ್ತ್ರದಲ್ಲಿ ‘ಯುಗ’ ಎಂಬ ಹೆಸರುಂಟು. ಯುಗವೆಂದರೆ ಇಲ್ಲಿ ಕಾಲಮಾನವಲ್ಲ, ಎತ್ತಿನ ಹೆಗಲ ಮೇಲಿನ ನೊಗ. ಒಂದು ನೊಗದುದ್ದದ ದಾರಿಯಷ್ಟೇ ಮುನಿಯ ದೃಷ್ಟಿಗೆ ವಿಧಿಸಿದ ಎಲ್ಲೆ. ದಿಗಂತವನ್ನು ನೋಡುತ್ತ ನಡೆದರೆ ಕಾಲಡಿಯ ಇರುವೆ ಕಾಣದು. ಕಾಲಡಿಯನ್ನೇ ನೋಡುತ್ತ ನಡೆದರೆ ಇಟ್ಟ ಹೆಜ್ಜೆಯನ್ನು ತಡೆಯಲು ಸಮಯ ಸಾಲದು. ನಾಲ್ಕು ಮೊಳವೆಂಬುದು ಕಂಡು, ಅರಿತು, ಕಾಲನ್ನು ಬದಿಗೆ ಸರಿಸಲು ಬೇಕಾಗುವಷ್ಟೇ ದೂರ. ಇಂಥ ನಡಿಗೆ ಬೇಗ ಸಾಗಲಾರದು. ನಿಧಾನವೇ ಇಲ್ಲಿ ಅಹಿಂಸೆಯ ರೂಪ ತಾಳಿದೆ.

ಮಳೆಗಾಲದಲ್ಲಿ ನೆಲವೆಲ್ಲ ಮೊಳಕೆಯೂ ಕ್ರಿಮಿಕೀಟಗಳೂ ತುಂಬಿರುವುದರಿಂದ ಈ ಎಚ್ಚರವೂ ಸಾಲದಾಗುತ್ತದೆ. ಆದ್ದರಿಂದ ನಾಲ್ಕು ತಿಂಗಳು ಒಂದೇ ಕಡೆ ನಿಲ್ಲುವ ಚಾತುರ್ಮಾಸ್ಯದ ನಿಯಮ ಬಂದಿತು. ಬೌದ್ಧರ ವಿನಯಪಿಟಕದಲ್ಲಿ ಇದಕ್ಕೆ ಸಂಬಂಧಿಸಿದ ಸ್ವಾರಸ್ಯದ ಪ್ರಸಂಗವಿದೆ. ಭಿಕ್ಷುಗಳು ಮಳೆಗಾಲದಲ್ಲೂ ಸಂಚರಿಸಿ ಹಸುರನ್ನು ತುಳಿಯುತ್ತಾರೆಂದು ಜನರೇ ದೂರಿದರಂತೆ. ಆ ದೂರನ್ನು ಒಪ್ಪಿ ಬುದ್ಧನು ಮೂರು ತಿಂಗಳ ವರ್ಷಾವಾಸವನ್ನು ವಿಧಿಸಿದನು. ನಡೆಯುವುದು ಧರ್ಮವಾದಂತೆ ನಿಲ್ಲುವುದೂ ಧರ್ಮವಾಯಿತು.

ಈ ಪರಂಪರೆಯ ಹೆಜ್ಜೆಗಳು ಕನ್ನಡ ನಾಡಿನಲ್ಲಿ ಬಹಳ ಹಳೆಯವು. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಸುಮಾರು ಕ್ರಿ.ಶ. 600ರ ಶಾಸನವೊಂದಿದೆ. ಉಜ್ಜಯಿನಿಯಲ್ಲಿ ಭದ್ರಬಾಹು ಸ್ವಾಮಿಯು ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡು ತಿಳಿಸಿದ್ದು, ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟು ಬಂದದ್ದು ಅದರಲ್ಲಿದೆ. ಆಮೇಲಿನ ಕಾಲದಲ್ಲಿ ನಡಿಗೆ ಎದುರು ದಿಕ್ಕಿಗೂ ಸಾಗಿತು. ಬೆಳಗಾವಿ ಸೀಮೆಯಲ್ಲಿ ಹುಟ್ಟಿದ ಆಚಾರ್ಯ ಶಾಂತಿಸಾಗರರು (1872–1955) ಬರಿಗಾಲಿನಲ್ಲಿ ಉತ್ತರ ಭಾರತದವರೆಗೆ ವಿಹರಿಸಿ, ಕ್ಷೀಣಿಸಿದ್ದ ದಿಗಂಬರ ಮುನಿಪರಂಪರೆಗೆ ಮತ್ತೆ ಜೀವ ತುಂಬಿದರು. ಅದೇ ಸೀಮೆಯ ಸದಲಗಾದಲ್ಲಿ 1946ರಲ್ಲಿ ಜನಿಸಿದ ಆಚಾರ್ಯ ವಿದ್ಯಾಸಾಗರರು 1968ರಲ್ಲಿ ಅಜ್ಮೀರದಲ್ಲಿ ದೀಕ್ಷೆ ಪಡೆದರು. 2024ರ ಫೆಬ್ರುವರಿಯಲ್ಲಿ ಛತ್ತೀಸಗಢದ ಡೋಂಗರಗಢದಲ್ಲಿ ದೇಹ ಬಿಡುವವರೆಗೂ ಅವರು ಪಾದವಿಹಾರದ ವ್ರತವನ್ನು ಪಾಲಿಸಿದರು. ವಿಮಾನಗಳು ತಲೆಯ ಮೇಲೆ ಹಾರಾಡುವ ಕಾಲದಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ಒಬ್ಬ ಕನ್ನಡಿಗ ನೊಗದುದ್ದದ ದಾರಿಯನ್ನಷ್ಟೇ ನೋಡುತ್ತ ನಡೆದದ್ದು ಸಾಮಾನ್ಯದ ಮಾತಲ್ಲ.

ಹನ್ನೆರಡನೆಯ ಶತಮಾನದ ಶರಣರು ಚಲನೆಯನ್ನು ತಮ್ಮ ತತ್ತ್ವದ ನಡುಮನೆಗೇ ತಂದರು. ಸ್ಥಾವರವೆಂದರೆ ನಿಂತದ್ದು, ಜಂಗಮವೆಂದರೆ ಚಲಿಸುವುದು. ಬಸವಣ್ಣನವರು ದೇಗುಲವನ್ನು ದೇಹದೊಡನೆ ಹೋಲಿಸಿ ಈ ಎರಡರ ಅಳಿವು ಉಳಿವನ್ನು ಕುರಿತು ಹೇಳಿದ ವಚನ ಕನ್ನಡ ಶಾಲೆಯ ಮೆಟ್ಟಿಲು ಹತ್ತಿದವರೆಲ್ಲರಿಗೂ ಬಾಯಿಪಾಠವಾಗಿರುವುದರಿಂದ ಅದನ್ನಿಲ್ಲಿ ಉದ್ಧರಿಸಬೇಕಾಗಿಲ್ಲ. ಅಲ್ಲಮಪ್ರಭುವಿನ ಬದುಕನ್ನು ‘ಶೂನ್ಯಸಂಪಾದನೆ’ ಕಟ್ಟಿಕೊಡುವ ರೀತಿಯನ್ನು ಮಾತ್ರ ಗಮನಿಸಬೇಕು. ಅದು ಒಬ್ಬ ದಾರಿಗನ ಕಥೆ. ನಡೆಯುತ್ತ ನಡೆಯುತ್ತ ಅಲ್ಲಮನು ಒಬ್ಬೊಬ್ಬರನ್ನೇ ಎದುರುಗೊಳ್ಳುತ್ತಾನೆ: ನೆಲ ಅಗೆಯುತ್ತಿರುವ ಗೊಗ್ಗಯ್ಯ, ಅಣ್ಣನನ್ನು ಕಳೆದುಕೊಂಡು ದುಃಖಿಸುತ್ತಿರುವ ಮುಕ್ತಾಯಕ್ಕ, ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿರುವ ಸಿದ್ಧರಾಮ. ಪ್ರತಿಯೊಬ್ಬರ ಬಳಿಯೂ ನಿಲ್ಲುತ್ತಾನೆ, ಮಾತಾಡುತ್ತಾನೆ, ಕೆಣಕುತ್ತಾನೆ, ಕೇಳುತ್ತಾನೆ. ಸಿದ್ಧರಾಮನಂತಹ ಕರ್ಮಯೋಗಿಗೂ ಅಲ್ಲಮನಂತಹ ದಾರಿಗನಿಗೂ ನಡೆಯುವ ವಾದವು ಕಟ್ಟುವವನಿಗೂ ನಡೆಯುವವನಿಗೂ ನಡೆದ ವಾದ. ಕೆರೆ ಬೇಡವೆಂದು ಯಾರೂ ಹೇಳಲಾರರು. ಕಟ್ಟಿದವನು ಕಟ್ಟಿದ್ದಕ್ಕೆ ಅಂಟಿಕೊಳ್ಳುವ ಅಪಾಯವನ್ನು ಕಾಣಿಸಲು ಮಾತ್ರ ಎಲ್ಲಿಯೂ ನೆಲೆ ನಿಲ್ಲದವನೇ ಬರಬೇಕಾಯಿತು.

ಅದೇ ಶತಮಾನದಲ್ಲಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಅಕ್ಕಮಹಾದೇವಿ ನಡೆದುಹೋದಳೆಂದು ಪರಂಪರೆ ಹೇಳುತ್ತದೆ. ಒಬ್ಬ ಹೆಣ್ಣುಮಗಳು ಯಾರ ಕಾವಲೂ ಇಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ ನಾಡಿನುದ್ದಕ್ಕೆ ನಡೆದಳೆಂಬುದನ್ನು ನಾವು ಭಕ್ತಿಯ ಮಹಿಮೆಯೆಂದು ಕೈಮುಗಿದು ಮುಂದೆ ಹೋಗಿಬಿಡುತ್ತೇವೆ. ಇಂದಿಗೂ ನಮ್ಮ ಹೆಣ್ಣುಮಕ್ಕಳು ಮುಸ್ಸಂಜೆಯಲ್ಲಿ ಅವಸರವಿಲ್ಲದೆ ಒಬ್ಬರೇ ನಡೆಯಲು ಎಷ್ಟು ದಾರಿಗಳಿವೆ ಎಂದು ಕೇಳಿಕೊಂಡರೆ ಆ ನಡಿಗೆಯ ಧೈರ್ಯ ತಿಳಿಯುತ್ತದೆ.

ಹರಿದಾಸರು ತಂಬೂರಿ ಹಿಡಿದು, ಕಾಲಿಗೆ ಗೆಜ್ಜೆ ಕಟ್ಟಿ, ಮನೆಮನೆಯ ಮುಂದೆ ನಿಂತು ಹಾಡಿದರು. ಹೂವಿನಿಂದ ಹೂವಿಗೆ ಹೋಗಿ ಹೂವಿಗೆ ನೋವಾಗದಂತೆ ತೊಟ್ಟು ಜೇನನ್ನಷ್ಟೇ ಪಡೆಯುವ ದುಂಬಿಯ ಹಾಗೆ ಬದುಕುವ ಈ ಬಗೆಗೆ ‘ಮಧುಕರ ವೃತ್ತಿ’ ಎಂಬ ಅಂದವಾದ ಹೆಸರಿದೆ. ದಾಸರು ಹಾಡಿದ ಆ ವಿಠಲನ ಪಂಢರಪುರಕ್ಕೆ ಇಂದಿಗೂ ಆಷಾಢದಲ್ಲಿ ವಾರಕರಿಗಳು ನಡೆದು ಹೋಗುತ್ತಾರೆ. ನಮ್ಮ ಬೆಳಗಾವಿ, ವಿಜಯಪುರ ಸೀಮೆಗಳಿಂದಲೂ ದಿಂಡಿಗಳು ಹೊರಡುತ್ತವೆ. ಆಳಂದಿಯಿಂದ ಹೊರಡುವ ಜ್ಞಾನೇಶ್ವರರ ಪಾಲಕಿ ಸುಮಾರು 250 ಕಿಲೋಮೀಟರ್ ದಾರಿಗೆ ಸುಮಾರು ಮೂರು ವಾರ ತೆಗೆದುಕೊಳ್ಳುತ್ತದೆ. ದಿನಕ್ಕೆ ಸರಾಸರಿ ಹನ್ನೆರಡು ಕಿಲೋಮೀಟರ್! ಗಟ್ಟಿಮುಟ್ಟಾದ ಆಳು ಅದರ ಎರಡರಷ್ಟನ್ನು ನಡೆದಾನು. ಆದರೆ ಅಲ್ಲಿ ಮುದುಕರಿದ್ದಾರೆ, ತಲೆಯ ಮೇಲೆ ತುಳಸಿಯ ಕಟ್ಟೆ ಹೊತ್ತ ಹೆಂಗಸರಿದ್ದಾರೆ. ಎಲ್ಲರೂ ಒಟ್ಟಿಗೆ ತಲುಪಬೇಕಾದರೆ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗವೇ ಎಲ್ಲರ ವೇಗವಾಗಬೇಕು.

ಈ ಮಾತು ನನ್ನ ಅನುಭವಕ್ಕೂ ಬಂದಿದೆ. ನಾನು ಮೇಷ್ಟ್ರಾಗಿ ಸೇರಿದ ಮೊದಲ ಹಳ್ಳಿಗೆ ಬಸ್ಸಿರಲಿಲ್ಲ. ದೊಡ್ಡ ರಸ್ತೆಯಲ್ಲಿ ಇಳಿದು ಸುಮಾರು ಒಂದು ಗಂಟೆಯ ಹಾದಿ. ಬೇರೆ ಬೇರೆ ದೊಡ್ಡಿಗಳಿಂದ ಬರುವ ಮಕ್ಕಳು ದಾರಿಯಲ್ಲಿ ಒಬ್ಬೊಬ್ಬರಾಗಿ ಜೊತೆಗೂಡುತ್ತಿದ್ದರು. ಒಂದನೆಯ ತರಗತಿಯ ಪುಟ್ಟ ಕಾಲುಗಳಿಗೆ ತಕ್ಕಂತೆ ಎಲ್ಲರೂ ನಡೆಯಬೇಕಾಗುತ್ತಿತ್ತು. ಗೀಜಗದ ಗೂಡಿನ ಬಾಯಿ ಯಾವ ಕಡೆಗಿದೆ, ಯಾವ ಹೊಲದ ರಾಗಿ ತೆನೆ ಕಟ್ಟಿದೆ, ಯಾರ ಮನೆಯಲ್ಲಿ ಕರು ಹುಟ್ಟಿದೆ, ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ – ಇವೆಲ್ಲ ನನಗೆ ತಿಳಿದದ್ದು ಆ ನಡಿಗೆಯಲ್ಲಿ. ಹಾಜರಿ ಪುಸ್ತಕದಲ್ಲಿ ಈ ವಿವರಗಳಿಗೆ ಕಾಲಂ ಇರಲಿಲ್ಲ. ಮುಂದೆ ಊರಿಗೆ ಬಸ್ಸು ಬಂದಿತು. ಅದರಿಂದ ಎಲ್ಲರಿಗೂ ಅನುಕೂಲವಾಯಿತು, ನನಗೂ ಆಯಿತು. ಆದರೆ ಮಕ್ಕಳನ್ನು ನಾನು ಅರಿತಿದ್ದ ಬಗೆ ಮಾತ್ರ ಮೊದಲಿನಂತೆ ಉಳಿಯಲಿಲ್ಲ.

ಪಶ್ಚಿಮದಲ್ಲಿಯೂ ನಿಧಾನ ನಡಿಗೆಯನ್ನು ಚಿಂತನೆಯ ಹಾದಿಯಾಗಿ ಕಂಡವರುಂಟು. ಫ್ರೆಂಚ್ ಚಿಂತಕ ರೂಸೋ ತನ್ನ ಕೊನೆಯ ಕೃತಿಯ ಅಧ್ಯಾಯಗಳಿಗೆ ‘ನಡಿಗೆ’ಗಳೆಂದೇ ಹೆಸರಿಟ್ಟನು. ಹತ್ತನೆಯ ನಡಿಗೆ ಪೂರ್ತಿಯಾಗುವ ಮುನ್ನವೇ 1778ರಲ್ಲಿ ತೀರಿಕೊಂಡನು, ಪುಸ್ತಕ 1782ರಲ್ಲಿ ಪ್ರಕಟವಾಯಿತು. ಅಮೆರಿಕದ ಹೆನ್ರಿ ಡೇವಿಡ್ ಥೋರೋ ನಡಿಗೆಯನ್ನು ಕುರಿತು ಬರೆದ ಪ್ರಬಂಧ ಅವನು ತೀರಿಕೊಂಡ ಮರುತಿಂಗಳು, 1862ರ ಜೂನ್‌ನಲ್ಲಿ ಅಚ್ಚಾಯಿತು. ಅಡ್ಡಾಡುವುದು ಎಂಬರ್ಥದ ಇಂಗ್ಲಿಷ್ ಪದದ ಮೂಲವನ್ನು ಅವನು ಪುಣ್ಯಭೂಮಿಯ ಯಾತ್ರೆಯೊಂದಿಗೆ ಕೂಡಿಸಿದನು. ಆ ವ್ಯುತ್ಪತ್ತಿಯನ್ನು ನಿಘಂಟುಕಾರರು ಒಪ್ಪದಿದ್ದರೂ ಭಾವನೆ ಸುಂದರವಾದದ್ದೇ. ಈ ಇಬ್ಬರದೂ ಬಹುಮಟ್ಟಿಗೆ ಏಕಾಂತದ, ನಿಸರ್ಗದ ನಡಿಗೆ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸಂಚರಿಸುತ್ತಿದ್ದ ನಮ್ಮ ಕುವೆಂಪು ಅವರು ಈ ಸುಖವನ್ನು ಚೆನ್ನಾಗಿ ಬಲ್ಲವರು. ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಹೊಸ್ತಿಲಲ್ಲೇ ಅವಸರವನ್ನು ಕುರಿತು ಅವರು ಓದುಗರಿಗೆ ಹೇಳಿದ ಮಾತನ್ನು ಯಾರು ಮರೆತಾರು?

ಥೋರೋನನ್ನು ಮೆಚ್ಚಿ ಓದಿದ ಗಾಂಧೀಜಿಯವರು ನಡಿಗೆಯನ್ನು ಮತ್ತೆ ಜನರ ನಡುವಿಗೆ ತಂದರು. 1930ರ ಮಾರ್ಚ್ 12ರಂದು ಸಾಬರಮತಿಯಿಂದ 78 ಸಂಗಡಿಗರೊಡನೆ ಹೊರಟ ದಂಡಿಯಾತ್ರೆ ಸುಮಾರು 240 ಮೈಲಿಗಳದು, 24 ದಿನಗಳದು. ಆ ಸಂಗಡಿಗರಲ್ಲಿ ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಎಂಬ ಹದಿಹರೆಯದ ಕನ್ನಡಿಗನೂ ಇದ್ದನೆಂಬುದು ನಮಗೆ ಹೆಮ್ಮೆಯ ಸಂಗತಿ. ರೈಲಿನಲ್ಲಿ ಹೋಗಿದ್ದರೆ ಒಂದು ದಿನದಲ್ಲಿ ಕಡಲ ತೀರ ಸಿಗುತ್ತಿತ್ತು. ಆದರೆ ಆ 24 ದಿನಗಳಲ್ಲಿ ಊರೂರು ಎಚ್ಚೆತ್ತುಕೊಂಡಿತು.

ದಂಡಿಯನ್ನು ಎಲ್ಲರೂ ಬಲ್ಲರು. ನೌಖಾಲಿಯ ನಡಿಗೆಯನ್ನು ಅಷ್ಟು ಜನ ನೆನೆಯುವುದಿಲ್ಲ. 1946ರ ಅಕ್ಟೋಬರ್‌ನಲ್ಲಿ ಪೂರ್ವ ಬಂಗಾಳದ ಆ ಸೀಮೆ ಮತೀಯ ಹಿಂಸೆಯಲ್ಲಿ ಬೆಂದಿತ್ತು. 77ರ ವಯಸ್ಸಿನ ಗಾಂಧೀಜಿ 1947ರ ಜನವರಿ 2ರಂದು ಶ್ರೀರಾಮಪುರದಿಂದ ಹೊರಟು ಊರಿಂದೂರಿಗೆ ಬರಿಗಾಲಿನಲ್ಲಿ ನಡೆದರು. ಹಳ್ಳಗಳ ಮೇಲೆ ಬಿದಿರಿನ ಸಪೂರ ಸಂಕಗಳು, ದಾರಿಯಲ್ಲಿ ಬೇಕೆಂದೇ ಚೆಲ್ಲಿದ ಹೊಲಸು. ಎಲ್ಲವನ್ನೂ ದಾಟುತ್ತ, ಸುಟ್ಟ ಮನೆಗಳ ಮುಂದೆಯೂ ಸುಟ್ಟವರ ಮನೆಗಳ ಮುಂದೆಯೂ ನಿಲ್ಲುತ್ತ ಸಾಗಿದರು. ಸುಮಾರು ಎರಡು ತಿಂಗಳಲ್ಲಿ 47 ಹಳ್ಳಿಗಳು, 116 ಮೈಲಿಗಳು. ಲೆಕ್ಕ ಹಾಕಿ ನೋಡಿ: ದಂಡಿಯ ದಾರಿಯಲ್ಲಿ ದಿನಕ್ಕೆ ಹತ್ತು ಮೈಲಿ ನಡೆದವರು ನೌಖಾಲಿಯಲ್ಲಿ ದಿನಕ್ಕೆ ಎರಡು ಮೈಲಿಯಷ್ಟು ನಡೆದರು. ವಯಸ್ಸಷ್ಟೇ ಇದಕ್ಕೆ ಕಾರಣವಾಗಿರಲಾರದು. ಉಪ್ಪಿನ ಕಾನೂನನ್ನು ಮುರಿಯುವುದಕ್ಕಿಂತ ಮನುಷ್ಯನ ಭಯವನ್ನು ಬಿಡಿಸುವುದು ಕಷ್ಟದ ಕೆಲಸ. ಕೆಲಸ ಕಷ್ಟವಾದಷ್ಟೂ ನಡಿಗೆ ನಿಧಾನವಾಯಿತು.

ವಿನೋಬಾ ಭಾವೆಯವರು ಇದೇ ದಾರಿಯನ್ನು ಮುಂದುವರಿಸಿದರು. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ದಲಿತ ಕುಟುಂಬಗಳು 80 ಎಕರೆ ಭೂಮಿ ಕೇಳಿದಾಗ ರಾಮಚಂದ್ರ ರೆಡ್ಡಿ ಎಂಬ ಭೂಮಾಲೀಕರು ಸಭೆಯಲ್ಲೇ 100 ಎಕರೆ ಕೊಡುವೆನೆಂದರು. ಹೀಗೆ ಭೂದಾನ ಹುಟ್ಟಿತು. ವಿನೋಬಾ ಅವರು 1964ರವರೆಗೆ ದೇಶದುದ್ದಕ್ಕೂ ನಡೆದರು. 1957ರ ಸೆಪ್ಟೆಂಬರ್‌ನಲ್ಲಿ ಮೈಸೂರಿನ ಬಳಿಯ ಯಲವಾಲದಲ್ಲಿ ಸೇರಿದ ಗ್ರಾಮದಾನ ಪರಿಷತ್ತಿಗೆ ಪ್ರಧಾನಿ ನೆಹರೂ ಅವರೂ ಬಂದಿದ್ದರು. ದಾನವಾಗಿ ಬಂದ ಭೂಮಿಯಲ್ಲಿ ಎಷ್ಟೋ ಪಾಲು ಸಾಗುವಳಿಗೆ ಬಾರದ್ದಾಗಿತ್ತು, ಎಷ್ಟೋ ಪಾಲು ಹಂಚಿಕೆಯಾಗದೆ ಉಳಿಯಿತು. ನಡಿಗೆಯೊಂದೇ ಎಲ್ಲವನ್ನೂ ಸಾಧಿಸದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಪೋಚಂಪಲ್ಲಿಯ ಆ ಬೇಡಿಕೆ ಕಿವಿಗೆ ಬಿದ್ದದ್ದು ಊರಿನಲ್ಲಿ ತಂಗಿದವನಿಗೆ. ಮೋಟಾರಿನಲ್ಲಿ ಧೂಳೆಬ್ಬಿಸಿ ಹಾದುಹೋಗುವವನಿಗೆ ಅದು ಕೇಳುತ್ತಿರಲಿಲ್ಲ.

ನಿಧಾನ ನಡಿಗೆಯ ಸುಖವನ್ನು ಕೊಂಡಾಡುವಾಗ ನಾವು ಮರೆಯಬಾರದ ಇನ್ನೊಂದು ಮುಖವಿದೆ. ನಡೆಯುವುದೇ ಕೆಲವರಿಗೆ ನಿಷಿದ್ಧವಾಗಿತ್ತು. ತಿರುವಾಂಕೂರಿನ ವೈಕಂ ಮಹಾದೇವ ದೇಗುಲದ ಸುತ್ತಣ ಬೀದಿಗಳಲ್ಲಿ ಕೆಳಜಾತಿಯೆನಿಸಿಕೊಂಡವರು ನಡೆಯುವಂತಿರಲಿಲ್ಲ. ಆ ಹಕ್ಕಿಗಾಗಿಯೇ 1924ರ ಮಾರ್ಚ್ 30ರಿಂದ 1925ರ ನವೆಂಬರ್‌ವರೆಗೆ ಸತ್ಯಾಗ್ರಹ ನಡೆಸಬೇಕಾಯಿತು. ಕೊನೆಗೂ ತೆರೆದದ್ದು ಮೂರು ಕಡೆಯ ಬೀದಿಗಳು ಮಾತ್ರ. ಇನ್ನು 2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಲಾಕ್‌ಡೌನ್‌ನಿಂದ ರೈಲು, ಬಸ್ಸುಗಳು ನಿಂತಾಗ, ನಗರಗಳನ್ನು ಕಟ್ಟಿದ ಕೂಲಿಕಾರರು ಗಂಟುಮೂಟೆ ಹೊತ್ತು, ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ನೂರಾರು ಕಿಲೋಮೀಟರ್ ನಡೆದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಅವರ ನಡಿಗೆಯನ್ನು ಯಾರೂ ತಪಸ್ಸೆಂದು ಬಣ್ಣಿಸಬಾರದು. ತಾನಾಗಿ ಆರಿಸಿಕೊಂಡ ನಡಿಗೆ ಸುಖವಾಗುತ್ತದೆ, ಹೇರಿದ ನಡಿಗೆ ಶಿಕ್ಷೆಯಾಗುತ್ತದೆ. ಈ ವ್ಯತ್ಯಾಸವನ್ನು ಅರಿಯದೆ ನಡಿಗೆಯ ಮಹಿಮೆಯನ್ನು ಹಾಡುವುದು ಹೊಟ್ಟೆ ತುಂಬಿದವರ ಮಾತಾದೀತು.

ಈ ಎಲ್ಲ ಉದಾಹರಣೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ತೋರುವುದು ಇಷ್ಟು. ನಮ್ಮ ಪರಂಪರೆಯಲ್ಲಿ ನಿಧಾನವಾಗಿ ನಡೆದವರು ಮನಶ್ಶಾಂತಿಯನ್ನು ಮೊದಲ ಗುರಿಯಾಗಿ ಇಟ್ಟುಕೊಂಡು ಹೊರಟವರಲ್ಲ. ಅವರ ಕಣ್ಣು ಕಾಲಡಿಯ ಇರುವೆಯ ಮೇಲಿತ್ತು, ಹಿಂದೆ ಉಳಿದ ಮುದುಕಿಯ ಮೇಲಿತ್ತು, ಹೆದರಿ ಬಾಗಿಲು ಹಾಕಿಕೊಂಡವನ ಮೇಲಿತ್ತು. ಅವರು ಕಂಡ ಶಾಂತಿ ಆ ಗಮನದ ಬೆನ್ನಿಗೇ ಬಂದದ್ದು.

ಇಂದು ನನ್ನ ವಯಸ್ಸಿನವರೆಲ್ಲ ವೈದ್ಯರ ಸಲಹೆಯಂತೆ ಬೆಳಗಾಗುತ್ತಲೇ ನಡೆಯುತ್ತೇವೆ. ಕೈಗೆ ಕಟ್ಟಿದ ಯಂತ್ರ ಹೆಜ್ಜೆಗಳನ್ನು ಎಣಿಸುತ್ತದೆ. ಅದು ಒಳ್ಳೆಯದೇ, ದೇಹಕ್ಕೆ ಬೇಕಾದದ್ದೇ. ಆದರೆ ವಾರದಲ್ಲಿ ಒಂದು ದಿನವಾದರೂ ಯಂತ್ರವನ್ನೂ ಫೋನನ್ನೂ ಮನೆಯಲ್ಲಿ ಬಿಟ್ಟು, ಎಲ್ಲಿಗೂ ತಲುಪಬೇಕಾಗಿಲ್ಲದವರಂತೆ ಒಂದು ಬೀದಿಯನ್ನು ಈ ತುದಿಯಿಂದ ಆ ತುದಿಗೆ ನಡೆದು ನೋಡಬೇಕು. ಜೊತೆಗೆ ಮೊಮ್ಮಗುವೊಂದಿದ್ದರೆ ಇನ್ನೂ ಒಳ್ಳೆಯದು. ಅದು ಎಲ್ಲಿ ಕುಕ್ಕರಗಾಲಿನಲ್ಲಿ ಕೂತು ಏನನ್ನು ನೋಡುತ್ತದೆಯೋ ಅಲ್ಲಿ ನಾವೂ ನಿಲ್ಲೋಣ. ಹೆಚ್ಚು ದೂರದ ಮಾತು ಬೇಡ, ನಾಲ್ಕು ಮೊಳದ ನೆಲವನ್ನು ಚೆನ್ನಾಗಿ ನೋಡಿದರೂ ಆ ದಿನಕ್ಕೆ ಸಾಕು.